ಎರಡನೆಯವರು ಇಳಿಯದಂತೆ

2022ರ ಏಪ್ರಿಲ್‌ನಲ್ಲಿ ಮಂಗಳೂರಿನ ಬಜ್ಪೆ ಬಳಿಯ ಮೀನು ಸಂಸ್ಕರಣಾ ಘಟಕವೊಂದರಲ್ಲಿ ಒಬ್ಬ ಕಾರ್ಮಿಕ ತ್ಯಾಜ್ಯದ ಟ್ಯಾಂಕಿಗೆ ಬಿದ್ದರು. ಅವರನ್ನು ಎತ್ತಲೆಂದು ಜೊತೆಯವರು ಒಬ್ಬರ ಹಿಂದೊಬ್ಬರು ಇಳಿದರು. ಕೊನೆಗೆ ತೀರಿಕೊಂಡವರು ಐದು ಮಂದಿ, ಎಲ್ಲರೂ ಪಶ್ಚಿಮ ಬಂಗಾಳದಿಂದ ದುಡಿಯಲು ಬಂದ ಹುಡುಗರು. 2017ರ ಮಾರ್ಚ್‌ನಲ್ಲಿ ಬೆಂಗಳೂರಿನ ಸಿ.ವಿ. ರಾಮನ್ ನಗರದ ಮ್ಯಾನ್‌ಹೋಲಿನಲ್ಲಿ ಮೂವರು ಸತ್ತರು. 2018ರ ಜನವರಿಯಲ್ಲಿ ಎಚ್‌ಎಸ್‌ಆರ್ ಬಡಾವಣೆ ಸಮೀಪದ ಅಪಾರ್ಟ್‌ಮೆಂಟೊಂದರ ಕೊಳಚೆ ನೀರಿನ ಶುದ್ಧೀಕರಣ ಘಟಕದಲ್ಲಿ (ಎಸ್‌ಟಿಪಿ) ಮತ್ತೆ ಮೂವರು. 2015ರ ನವೆಂಬರ್‌ನಲ್ಲಿ ಕೋಯಿಕ್ಕೋಡಿನ ಮ್ಯಾನ್‌ಹೋಲಿನಲ್ಲಿ ಇಬ್ಬರು ಕಾರ್ಮಿಕರ ಜೊತೆ ಒಬ್ಬ ಆಟೋ ಚಾಲಕರೂ ಹೋದರು. ಅವರಿಗೂ ಆ ಕೆಲಸಕ್ಕೂ ಸಂಬಂಧವೇ ಇರಲಿಲ್ಲ; ಜನರ ಕೂಗು ಕೇಳಿ ಕಾಪಾಡಲು ಇಳಿದವರು.

ಈ ಸಾವುಗಳಿಗೆ ಒಂದು ಕ್ರಮವಿದೆ. ಮೊದಲನೆಯವರು ಕೆಲಸಕ್ಕೆಂದು ಇಳಿಯುತ್ತಾರೆ, ಎರಡನೆಯವರು ಮೊದಲನೆಯವರಿಗಾಗಿ, ಮೂರನೆಯವರು ಇಬ್ಬರಿಗಾಗಿ. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆ ನಿಯೋಶ್ 1986ರಲ್ಲೇ ಇದನ್ನು ಲೆಕ್ಕ ಹಾಕಿ ಎಚ್ಚರಿಸಿತ್ತು: ಇಕ್ಕಟ್ಟಾದ ಮುಚ್ಚಿದ ಜಾಗಗಳಲ್ಲಿ ಸತ್ತವರ ಪೈಕಿ ನೂರಕ್ಕೆ 60ಕ್ಕೂ ಹೆಚ್ಚು ಮಂದಿ ಕಾಪಾಡಲು ಹೋದವರು. ಆದ್ದರಿಂದ ಅಪಾರ್ಟ್‌ಮೆಂಟಿನ ಸಂಘದ ಪದಾಧಿಕಾರಿಯಾಗಲಿ, ಸಣ್ಣ ಕಾರ್ಖಾನೆಯ ಮಾಲೀಕರಾಗಲಿ, ಹೋಟೆಲು, ಕಲ್ಯಾಣ ಮಂಟಪ, ಶಾಲೆ ನಡೆಸುವವರಾಗಲಿ ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಮೊದಲನೆಯವರು ಇಳಿಯುವ ಪ್ರಮೇಯವೇ ಬಾರದಂತೆ ಏನು ಮಾಡಿದ್ದೇವೆ? ಆದರೂ ಯಾರಾದರೂ ಬಿದ್ದರೆ ಎರಡನೆಯವರನ್ನು ತಡೆಯುವವರು ಯಾರು?

ಗುಂಡಿಯೊಳಗಿನ ಗಾಳಿ

ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕದ ಪಾಲು ಶೇ 20.9. ಅದು 19.5ಕ್ಕಿಂತ ಇಳಿದರೆ ಆ ಜಾಗ ಕೆಲಸಕ್ಕೆ ಯೋಗ್ಯವಲ್ಲ. ಶೇ 16ರ ಆಸುಪಾಸಿನಲ್ಲಿ ತಲೆ ಮಂಕಾಗುತ್ತದೆ, ಕೈಕಾಲು ಹೇಳಿದ ಮಾತು ಕೇಳುವುದಿಲ್ಲ. ಶೇ 10ಕ್ಕೆ ಇಳಿದರೆ ಪ್ರಜ್ಞೆ ತಪ್ಪುತ್ತದೆ, ಶೇ 6ಕ್ಕಿಂತ ಕೆಳಗೆ ಸಾವಿಗೆ ನಿಮಿಷಗಳು ಸಾಕು. ಇಲ್ಲಿ ಉಸಿರುಗಟ್ಟಿದ ಅನುಭವವೇ ಆಗದಿರಬಹುದು ಎಂಬುದನ್ನು ಗಮನಿಸಿ. ನೀರಿನಲ್ಲಿ ಮುಳುಗುವವರು ಒದ್ದಾಡುತ್ತಾರೆ. ಆಮ್ಲಜನಕ ಇಲ್ಲದ ಗುಂಡಿಗೆ ಇಳಿದವರು ಕೂಗದೆಯೇ ಏಣಿಯಿಂದ ಜಾರುತ್ತಾರೆ. ಮೇಲೆ ನಿಂತವರಿಗೆ ಕಾಲು ಜಾರಿ ಬಿದ್ದಂತೆ ಕಾಣುತ್ತದೆ. ಸ್ವಲ್ಪ ಕೈ ಕೊಟ್ಟರೆ ಎದ್ದಾರು ಎಂದುಕೊಂಡು ಅವರೂ ಇಳಿಯುತ್ತಾರೆ.

ಮಲ, ಆಹಾರದ ತ್ಯಾಜ್ಯ, ಮೀನು ಮಾಂಸದ ನೀರು ಗಾಳಿಯಾಡದ ಕಡೆ ಕೊಳೆತಾಗ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಕೊಳೆತ ಮೊಟ್ಟೆಯ ವಾಸನೆ ಇದರದೇ. ವಾಸನೆ ಬಂದರೆ ಹುಷಾರಾಗುತ್ತೇವೆ ಎಂಬ ನಂಬಿಕೆ ಅನೇಕರಿಗಿದೆ, ಅನುಭವಿ ಕೆಲಸಗಾರರಿಗೂ ಇದೆ. ಆದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಈ ಅನಿಲ ನೂರು ಪಾಲು, ಅಂದರೆ 100 ಪಿಪಿಎಂ ಮುಟ್ಟಿದರೆ ಕೆಲವೇ ನಿಮಿಷಗಳಲ್ಲಿ ಮೂಗು ಸೋಲುತ್ತದೆ. ವಾಸನೆ ಹೋಯಿತು, ಗಾಳಿ ಚೊಕ್ಕವಾಯಿತು ಎಂದುಕೊಳ್ಳುವ ಹೊತ್ತಿಗೆ ಅದು ಇನ್ನೂ ಏರಿರಬಹುದು. 700ರಿಂದ 1000 ಪಿಪಿಎಂ ಇದ್ದರೆ ಒಂದೆರಡು ಉಸಿರಿಗೇ ಇಳಿದವರು ಕುಸಿಯುತ್ತಾರೆ. ಇದು ಗಾಳಿಗಿಂತ ಭಾರ, ತಳದಲ್ಲಿ ನಿಲ್ಲುತ್ತದೆ. ಕೆಸರನ್ನು ಕೋಲಿನಿಂದ ಕದಡಿದರೆ, ಅದರ ಮೇಲೆ ಕಾಲಿಟ್ಟರೆ ಒಳಗೆ ಸಿಕ್ಕಿಕೊಂಡಿದ್ದ ಅನಿಲ ಒಮ್ಮೆಗೇ ಹೊರಬರುತ್ತದೆ. ಬೆಳಿಗ್ಗೆಯಿಂದ ಮುಚ್ಚಳ ತೆಗೆದಿಟ್ಟಿದ್ದೇವೆ ಎನ್ನುವವರು ಈ ಒಂದು ಸಂಗತಿಯನ್ನು ಮರೆಯಬಾರದು.

ಹಳೆಯ ಬಾವಿಗೆ ಇಳಿಯುವ ಮುನ್ನ ಲಾಟೀನು ಇಳಿಬಿಟ್ಟು ನೋಡುವ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಇತ್ತು. ಬೇರೇನೂ ಇಲ್ಲದ ಕಾಲದಲ್ಲಿ ಅದು ಹಲವರನ್ನು ಉಳಿಸಿರಬೇಕು. ಚರಂಡಿ ಗುಂಡಿಗೆ ಅದನ್ನು ತರಬೇಡಿ. ದೀಪ ಉರಿಯುತ್ತಿದೆ ಎಂದರೆ ಆಮ್ಲಜನಕ ತೀರಾ ಕಡಿಮೆಯಿಲ್ಲ ಎಂದಷ್ಟೇ ಗೊತ್ತಾಗುತ್ತದೆ, ಹೈಡ್ರೋಜನ್ ಸಲ್ಫೈಡಿನ ಸುಳಿವು ಅದಕ್ಕಿಲ್ಲ. ಇನ್ನು ಅಲ್ಲಿ ಮೀಥೇನ್ ಇದ್ದು, ಗಾಳಿಯಲ್ಲಿ ಅದರ ಪಾಲು ಶೇ 5ರಿಂದ 15ರ ನಡುವೆ ಇದ್ದರೆ ದೀಪವೇ ಸ್ಫೋಟಕ್ಕೆ ಕಾರಣವಾಗುತ್ತದೆ. ಮೂಗಿಗೆ ಕಟ್ಟುವ ಒದ್ದೆ ಟವೆಲ್, ಆಸ್ಪತ್ರೆ ಮಾಸ್ಕು, ಧೂಳಿನ ಮಾಸ್ಕುಗಳು ಅನಿಲವನ್ನು ತಡೆಯುವುದಿಲ್ಲ, ಇಲ್ಲದ ಆಮ್ಲಜನಕವನ್ನು ತಂದುಕೊಡುವುದೂ ಇಲ್ಲ.

ಗಲೀಜಿಲ್ಲದ ಜಾಗಗಳ ಬಗ್ಗೆಯೂ ಹೇಳಬೇಕು, ಏಕೆಂದರೆ ಅಲ್ಲಿ ಯಾರಿಗೂ ಅನುಮಾನ ಬರುವುದಿಲ್ಲ. ಹೊಸದಾಗಿ ಕಟ್ಟಿದ ಸಂಪು ಅಥವಾ ಪಿಟ್ಟಿನ ಸೆಂಟ್ರಿಂಗ್ ಹಲಗೆ ಬಿಚ್ಚಲು ವಾರಗಳ ನಂತರ ಇಳಿಯುತ್ತಾರೆ. ಒದ್ದೆ ಮರ ಮುಚ್ಚಿದ ಜಾಗದಲ್ಲಿ ಕೊಳೆಯುತ್ತಾ ಅಲ್ಲಿನ ಆಮ್ಲಜನಕವನ್ನು ತಿಂದಿರುತ್ತದೆ. ಸಕ್ಕರೆ ಕಾರ್ಖಾನೆಯ ಕಾಕಂಬಿ ಟ್ಯಾಂಕಿನಲ್ಲಿ ಹುದುಗು ಎದ್ದರೆ ಇಂಗಾಲದ ಡೈಆಕ್ಸೈಡ್ ತುಂಬುತ್ತದೆ. ಬಾವಿಯೊಳಗೆ ಡೀಸೆಲ್ ಪಂಪು ಇಳಿಸಿ ನಡೆಸಿದರೆ ಕಾರ್ಬನ್ ಮಾನಾಕ್ಸೈಡ್. ಸಂಪಿಗೆ ವಾಟರ್‌ಪ್ರೂಫಿಂಗ್ ಬಣ್ಣ ಬಳಿಯುವಾಗ ಅದರ ಆವಿ.

ಇಳಿಯದಂತೆ ಮಾಡುವುದೇ ಮೊದಲ ಕೆಲಸ

ಚರಂಡಿ ಮತ್ತು ಸೆಪ್ಟಿಕ್ ಟ್ಯಾಂಕಿನ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯ 7ನೇ ಕಲಮಿನಂತೆ ಯಾರೂ, ಗುತ್ತಿಗೆದಾರರ ಮೂಲಕವೂ, ಚರಂಡಿ ಅಥವಾ ಸೆಪ್ಟಿಕ್ ಟ್ಯಾಂಕಿನ ಅಪಾಯಕಾರಿ ಶುಚಿ ಕೆಲಸಕ್ಕೆ ಮನುಷ್ಯರನ್ನು ತೊಡಗಿಸುವಂತಿಲ್ಲ. ಮೊದಲ ತಪ್ಪಿಗೇ ಎರಡು ವರ್ಷದವರೆಗೆ ಸೆರೆ, ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಹುಟ್ಟಿ, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಬೆಜವಾಡ ವಿಲ್ಸನ್ ಮತ್ತು ಅವರ ಸಫಾಯಿ ಕರ್ಮಚಾರಿ ಆಂದೋಲನ ದಶಕಗಳಿಂದ ಹೋರಾಡಿದ್ದು ಇದಕ್ಕಾಗಿಯೇ. 2025ರ ಜನವರಿ 29ರಂದು ಸುಪ್ರೀಂ ಕೋರ್ಟ್ ಬೆಂಗಳೂರೂ ಸೇರಿ ಆರು ಮಹಾನಗರಗಳಲ್ಲಿ ಈ ಕೆಲಸಕ್ಕೆ ಮನುಷ್ಯರನ್ನು ಇಳಿಸುವುದನ್ನು ನಿಲ್ಲಿಸುವಂತೆ ಆದೇಶಿಸಿತು. "ನಾವು ಏಜೆನ್ಸಿಗೆ ಕೊಟ್ಟಿದ್ದೇವೆ, ಅವರು ಯಾರನ್ನು ಕಳಿಸುತ್ತಾರೋ ನಮಗೇನು ಗೊತ್ತು" ಎಂಬ ಮಾತನ್ನು ಸಂಘದ ಸಭೆಗಳಲ್ಲಿ ಇನ್ನೂ ಕೇಳುತ್ತೇವೆ. ಆ ಮಾತಿಗೆ ಕಾನೂನಿನಲ್ಲೂ ಜಾಗವಿಲ್ಲ, ಮನುಷ್ಯತ್ವದಲ್ಲೂ ಜಾಗವಿಲ್ಲ.

ಹಾಗಾದರೆ ಮಾಡಬೇಕಾದದ್ದು ಏನು? ಪಿಟ್ಟು ತುಂಬಿದರೆ ಸಕ್ಕಿಂಗ್ ಲಾರಿ, ಕೊಳವೆ ಕಟ್ಟಿದರೆ ಜೆಟ್ಟಿಂಗ್ ಯಂತ್ರ. ಕೇರಳದ ಯುವ ಎಂಜಿನಿಯರುಗಳು 2018ರಿಂದ ಬಳಕೆಗೆ ತಂದ ಬ್ಯಾಂಡಿಕೂಟ್ ಎಂಬ ರೋಬೊ ಮ್ಯಾನ್‌ಹೋಲಿಗೆ ತಾನೇ ಇಳಿದು ಕಸ ಎತ್ತುತ್ತದೆ. ಸ್ಥಳೀಯ ಸಂಸ್ಥೆಯಿಂದ ಯಂತ್ರ ಬೇಕಾದರೆ, ಎಲ್ಲಾದರೂ ಮನುಷ್ಯರನ್ನು ಇಳಿಸುತ್ತಿರುವುದು ಕಂಡರೆ, ರಾಷ್ಟ್ರೀಯ ಸಹಾಯವಾಣಿ 14420ಕ್ಕೆ ಕರೆ ಮಾಡಬಹುದು.

ಇದಕ್ಕಿಂತ ಆಳದ ಪರಿಹಾರ ಪಿಟ್ಟಿನ ವಿನ್ಯಾಸದಲ್ಲೇ ಇದೆ, ಅದರ ಬಗ್ಗೆ ಮಾತು ಕಡಿಮೆ. ಎಸ್‌ಟಿಪಿಯೊಳಗೆ ಜನ ಇಳಿಯುವುದು ಬಹುಪಾಲು ಪಂಪು ಕೆಟ್ಟಾಗ. ಸಬ್‌ಮರ್ಸಿಬಲ್ ಪಂಪನ್ನು ತಳಕ್ಕೆ ಬೋಲ್ಟು ಹಾಕಿ ಕೂರಿಸಿದ್ದರೆ ಬಿಚ್ಚಲು ಇಳಿಯಲೇಬೇಕು. ಅದೇ ಪಂಪಿಗೆ ಎರಡು ಗೈಡ್ ಪೈಪು, ಒಂದು ಸ್ಟೇನ್‌ಲೆಸ್ ಸರಪಳಿ, ತಾನಾಗಿ ಕೂತು ಬಿಡುವ ಕಪ್ಲಿಂಗ್ ಹಾಕಿಸಿದ್ದರೆ ಮೇಲಿನಿಂದಲೇ ಎಳೆದು, ತೊಳೆದು, ಸರಿಮಾಡಿ ಇಳಿಬಿಡಬಹುದು. ಪಿಟ್ಟಿಗೆ ನೀರು ಬರುವ ಬಾಯಲ್ಲಿ ಮೇಲಕ್ಕೆ ಎತ್ತಬಹುದಾದ ಜಾಲರಿ ಬುಟ್ಟಿ ಇದ್ದರೆ ಬಟ್ಟೆ, ಪ್ಲಾಸ್ಟಿಕ್, ಸ್ಯಾನಿಟರಿ ಪ್ಯಾಡು ಪಂಪಿನವರೆಗೆ ಹೋಗುವುದೇ ಇಲ್ಲ. ಲಾಬಿಗೆ ಗ್ರಾನೈಟ್ ಹಾಕಿಸಲು ಹಣ ಹೊಂದಿಸುವ ಸಂಘಗಳಿಗೆ ಇದು ಭಾರವಾಗಬಾರದು. ಮುಂದಿನ ವಾರ್ಷಿಕ ಸಭೆಯ ಬಜೆಟ್ಟಿನಲ್ಲಿ ಈ ಎರಡು ಸಾಲು ಸೇರಿಸಿ. ಅಲ್ಲಿಯವರೆಗೆ ಎಲ್ಲ ಮುಚ್ಚಳಗಳಿಗೆ ಬೀಗ ಹಾಕಿ, ಕೀಲಿ ಯಾರ ಬಳಿ ಇರಬೇಕೆಂದು ಬರೆದಿಡಿ.

ಕಾರ್ಖಾನೆಗಳ ಕೆಲವು ಟ್ಯಾಂಕು, ಬಾಯ್ಲರು, ಸೈಲೊಗಳಿಗೆ ದುರಸ್ತಿಗಾಗಿ ಇಳಿಯಲೇಬೇಕಾಗುತ್ತದೆ. ಅಲ್ಲಿನ ನಿಯಮ ಹೊಸದೇನಲ್ಲ. ಒಳಗಿನ ಅನಿಲ ಹೊರಹಾಕಿ, ಪರೀಕ್ಷಿಸಿ, ಅರ್ಹ ವ್ಯಕ್ತಿ ಲಿಖಿತವಾಗಿ ಪ್ರಮಾಣಪತ್ರ ಕೊಟ್ಟಿರಬೇಕು. ಇಲ್ಲವೇ ಇಳಿಯುವವರು ಉಸಿರಾಟದ ಸಾಧನ ಧರಿಸಿ, ಬೆಲ್ಟಿಗೆ ಕಟ್ಟಿದ ಹಗ್ಗದ ತುದಿಯನ್ನು ಹೊರಗೆ ಒಬ್ಬರು ಹಿಡಿದಿರಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯ 36ನೇ ಕಲಮೇ ಹೇಳಿತ್ತು. ಆ ಕಾಯ್ದೆಯ ಜಾಗಕ್ಕೆ ಈಗ ಹೊಸ ಸಂಹಿತೆ ಬಂದಿದೆ, 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಕೆಲಸದ ಕ್ರಮ ಹೀಗಿರಲಿ: ಟ್ಯಾಂಕಿಗೆ ಬರುವ ಎಲ್ಲ ಕೊಳವೆ ಮತ್ತು ವಿದ್ಯುತ್ತನ್ನು ಬಂದ್ ಮಾಡಿ, ಸ್ವಿಚ್ಚಿಗೆ ಬೀಗ ಹಾಕಿ ಕೀಲಿಯನ್ನು ಇಳಿಯುವವರ ಜೇಬಿಗೇ ಕೊಡಿ. ಬ್ಲೋವರಿನ ಕೊಳವೆ ತಳ ಮುಟ್ಟಲಿ. ಬಾಯಿಯ ಬಳಿ ಗಾಳಿ ಊದಿದರೆ ಕೆಳಗಿನ ಅನಿಲ ಅಲ್ಲೇ ಉಳಿಯುತ್ತದೆ. ಸಿಲಿಂಡರಿನ ಆಮ್ಲಜನಕ ಎಂದಿಗೂ ಬಿಡಬೇಡಿ, ಒಂದು ಕಿಡಿಗೆ ಬಟ್ಟೆಯೇ ಹೊತ್ತಿ ಉರಿಯುತ್ತದೆ. ನಾಲ್ಕು ಅನಿಲಗಳ ಮೀಟರನ್ನು ಹಗ್ಗದಲ್ಲಿ ಇಳಿಬಿಟ್ಟು ಮೇಲೆ, ನಡುವೆ, ತಳದಲ್ಲಿ ಪ್ರತ್ಯೇಕವಾಗಿ ಅಳೆಯಿರಿ. ಆಮ್ಲಜನಕ ಶೇ 19.5ರಿಂದ 23.5ರ ಒಳಗಿರಬೇಕು, ಹೈಡ್ರೋಜನ್ ಸಲ್ಫೈಡ್ 10 ಪಿಪಿಎಂ ದಾಟಬಾರದು, ಹೊತ್ತಿಕೊಳ್ಳುವ ಅನಿಲ ಅದರ ಸ್ಫೋಟದ ಕೆಳಮಿತಿಯ ಹತ್ತನೇ ಒಂದು ಪಾಲನ್ನೂ ಮುಟ್ಟಬಾರದು. ಕೆಲಸ ಮುಗಿಯುವವರೆಗೂ ಮೀಟರು ಅವರ ಎದೆಯ ಮೇಲೆ ಚಾಲೂ ಇರಲಿ. ಮೇಲೆ ಮುಕ್ಕಾಲಿ, ಅದಕ್ಕೆ ರಾಟೆ, ಇಳಿದವರ ಮೈಗೆ ಪೂರ್ತಿ ಹಾರ್ನೆಸ್ಸು. ಬರೀ ಸೊಂಟಕ್ಕೆ ಹಗ್ಗ ಕಟ್ಟಿದರೆ ಪ್ರಜ್ಞೆಯಿಲ್ಲದ ದೇಹ ಮಡಚಿಕೊಂಡು ಕಿರಿದಾದ ಬಾಯಿಯಲ್ಲಿ ಸಿಕ್ಕಿಕೊಳ್ಳುತ್ತದೆ.

ಇನ್ನು ಹೊರಗೆ ನಿಲ್ಲುವವರು. ಅವರಿಗೆ ಬೇರೆ ಕೆಲಸ ಹೇಳಬಾರದು, ಟೀ ತರಲೂ ಕಳಿಸಬಾರದು. ಏನೇ ಆದರೂ ನೀವು ಇಳಿಯಕೂಡದು ಎಂದು ಅವರಿಗೆ ಮೊದಲೇ, ಎಲ್ಲರೆದುರು ಹೇಳಿರಬೇಕು. ತಮ್ಮನೋ ಬಾಮೈದನೋ ಒಳಗಿದ್ದಾಗ ಆ ಕ್ಷಣದಲ್ಲಿ ಯೋಚಿಸಿ ನಿಲ್ಲುವುದು ಯಾರಿಂದಲೂ ಆಗದು. ನಮ್ಮಲ್ಲಿ ಒಂದೇ ಊರಿನ, ಒಂದೇ ಮನೆಯ ಗಂಡಸರು ಜೊತೆಯಾಗಿ ಕೂಲಿಗೆ ಹೋಗುವುದು ಸಾಮಾನ್ಯ, ಹಾಗಾಗಿ ಈ ಅಪಾಯ ಇನ್ನೂ ಹೆಚ್ಚು. ಸಾಧ್ಯವಾದರೆ ಹೊರಗಿನ ಕಾವಲಿಗೆ ಬಂಧುವಲ್ಲದವರನ್ನು ನಿಲ್ಲಿಸಿ.

ಬಿದ್ದ ಮೇಲಿನ ಮೊದಲ ನಿಮಿಷಗಳು

112ಕ್ಕೆ ಕರೆ ಮಾಡಿ. "ಗುಂಡಿಯಲ್ಲಿ ವಿಷಗಾಳಿ ಇದೆ, ಒಳಗೆ ಇಷ್ಟು ಜನ ಇದ್ದಾರೆ" ಎಂದೇ ಹೇಳಿ. ಬರೀ ಬಿದ್ದಿದ್ದಾರೆ ಎಂದರೆ ಅಗ್ನಿಶಾಮಕದವರು ಉಸಿರಾಟದ ಸಾಧನವಿಲ್ಲದ ಗಾಡಿಯಲ್ಲಿ ಹೊರಟುಬಿಡಬಹುದು. 108ಕ್ಕೂ ತಿಳಿಸಿ. ಒಬ್ಬರು ಗುಂಡಿಯ ಬಾಯಿಗೆ ಅಡ್ಡ ನಿಂತು ಉಳಿದವರನ್ನು ತಡೆಯಬೇಕು, ಅಗತ್ಯಬಿದ್ದರೆ ಹಿಡಿದುಕೊಳ್ಳಬೇಕು. ಇನ್ನೊಬ್ಬರು ಪಂಪು ಮತ್ತು ಒಳಬರುವ ನೀರು ನಿಲ್ಲಿಸಲಿ. ಬ್ಲೋವರ್ ಇದ್ದರೆ ಅದನ್ನು ದೂರದಲ್ಲಿಟ್ಟು ಕೊಳವೆಯನ್ನು ಮಾತ್ರ ಒಳಗಿಳಿಸಿ ಗಾಳಿ ಊದಿ. ಬಿದ್ದವರ ಮೈಗೆ ಹಗ್ಗ ಕಟ್ಟಿದ್ದರೆ ಮೇಲಿನಿಂದ ಎಳೆಯಿರಿ. ಹೊರಬಂದವರಿಗೆ ಉಸಿರಿಲ್ಲದಿದ್ದರೆ ಗಾಳಿಯಾಡುವ ಕಡೆ ಮಲಗಿಸಿ ಎದೆ ಒತ್ತಲು ಶುರುಮಾಡಿ. ಬಾಯಿಗೆ ಬಾಯಿಟ್ಟು ಊದಬೇಡಿ, ಆ ಅನಿಲ ನಿಮಗೂ ತಗಲುತ್ತದೆ.

ತನಿಖೆ ಮೇಲಕ್ಕೆ ಹೋಗಬೇಕು

ಪೊಲೀಸರು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಮಿನಂತೆ ಶವ ಪಂಚನಾಮೆ ನಡೆಸುತ್ತಾರೆ. ನಿರ್ಲಕ್ಷ್ಯದಿಂದ ಸಾವು ಎಂದಾದರೆ ನ್ಯಾಯ ಸಂಹಿತೆಯ 106ನೇ ಕಲಮು, ಐದು ವರ್ಷದವರೆಗೆ ಶಿಕ್ಷೆ. ಸತ್ತವರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದು ಅವರನ್ನು ಮಲದ ಗುಂಡಿ ಶುಚಿ ಮಾಡಲು ಹಚ್ಚಿದ್ದರೆ ದೌರ್ಜನ್ಯ ತಡೆ ಕಾಯ್ದೆಯೂ ಅನ್ವಯಿಸುತ್ತದೆ. ಕಾರ್ಖಾನೆಯಾದರೆ ರಾಜ್ಯದ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಯ ಅಧಿಕಾರಿಗಳು ಬರುತ್ತಾರೆ. ಅಪರಾಧಿ ಯಾರೆಂದು ಹುಡುಕುವುದು ಈ ವಿಚಾರಣೆಗಳ ಕೆಲಸ, ಅದು ನಡೆಯಲೇಬೇಕು. ಅದರ ಜೊತೆಗೆ ಇನ್ನೊಂದು ತನಿಖೆ ಬೇಕು, ಅದು ನಮ್ಮಲ್ಲಿ ನಡೆಯುವುದು ಅಪರೂಪ: ಮುಂದಿನ ಸಾವನ್ನು ತಡೆಯುವ ತನಿಖೆ.

ನಿಯೋಶ್ 1982ರಲ್ಲಿ ಇಂಥದ್ದನ್ನು ಆರಂಭಿಸಿತು. ಅದರ ತನಿಖಾಧಿಕಾರಿಗಳು ಸ್ಥಳಕ್ಕೆ ಹೋಗಿ ಬರೆಯುವ ವರದಿಯಲ್ಲಿ ಸತ್ತವರ ಹೆಸರಿಲ್ಲ, ಕಂಪನಿಯ ಹೆಸರಿಲ್ಲ, ತಪ್ಪು ಯಾರದೆಂಬ ತೀರ್ಪಿಲ್ಲ. ಯಾವ ಕೆಲಸ, ಎಂಥ ಜಾಗ, ಏನೇನಾಯಿತು, ಮುಂದೆ ಹೀಗಾಗದಂತೆ ಏನು ಮಾಡಬೇಕು ಎಂಬುದಷ್ಟೇ. ಘಟನೆಗೆ ಮುನ್ನ, ಆ ಕ್ಷಣದಲ್ಲಿ, ಆಮೇಲೆ ಎಂದು ಮೂರು ಹಂತಗಳಲ್ಲಿ ಮನುಷ್ಯ, ಉಪಕರಣ, ಪರಿಸರ ಎಲ್ಲವನ್ನೂ ನೋಡುವ ವಿಲಿಯಂ ಹ್ಯಾಡನ್ ಎಂಬ ವೈದ್ಯರ ಕ್ರಮ ಅದಕ್ಕೆ ಆಧಾರ. ನಮ್ಮ ಕೈಗಾರಿಕಾ ವಸಾಹತುಗಳ ಮಾಲೀಕರ ಸಂಘಗಳು, ಅಪಾರ್ಟ್‌ಮೆಂಟ್ ಒಕ್ಕೂಟಗಳು ಮನಸ್ಸು ಮಾಡಿದರೆ ಇಂಥ ವರದಿಗಳನ್ನು ಕನ್ನಡದಲ್ಲಿ ಬರೆದು ಹಂಚುವುದು ಕಷ್ಟವೇನಲ್ಲ.

ಸಾಕ್ಷ್ಯ ಬೇಗ ಮಾಯವಾಗುತ್ತದೆ. ಎಲ್ಲಕ್ಕಿಂತ ಮೊದಲು ಹೋಗುವುದು ಅನಿಲ. ಅಗ್ನಿಶಾಮಕದವರು ಬಂದು ಗಾಳಿ ಊದಿದ ಮೇಲೆ ಅಳೆದರೆ ಏನೂ ಸಿಗದು. ಅವರ ಮೀಟರಿನ ಮೊದಲ ಓದನ್ನೇ, ಗಂಟೆ ನಿಮಿಷ ಸಮೇತ, ಬರೆದುಕೊಳ್ಳಲು ಕೇಳಿ. ಮುಚ್ಚಳ, ಹಗ್ಗ, ಏಣಿ, ಬಕೆಟ್ಟು, ಚಪ್ಪಲಿ ಎಲ್ಲೆಲ್ಲಿ ಇದ್ದವೋ ಹಾಗೇ ಫೋಟೋ ತೆಗೆಯಬೇಕು, ತೊಳೆದು ಚೊಕ್ಕ ಮಾಡಬಾರದು. ಸತ್ತವರ ಜೇಬಿನ ನಾಣ್ಯ, ಮೈಮೇಲಿನ ಬೆಳ್ಳಿ ಉಡುದಾರ ಕಪ್ಪಾಗಿದ್ದರೆ ಅದು ಹೈಡ್ರೋಜನ್ ಸಲ್ಫೈಡಿನ ಗುರುತು. ಪಂಚನಾಮೆಯಲ್ಲಿ ಅದು ದಾಖಲಾಗಬೇಕು. ರಕ್ತ, ಮೂತ್ರದಲ್ಲಿ ಥಯೋಸಲ್ಫೇಟ್ ಇದೆಯೇ, ರಕ್ತದಲ್ಲಿ ಕಾರ್ಬನ್ ಮಾನಾಕ್ಸೈಡ್ ಇದೆಯೇ ಎಂದು ಪರೀಕ್ಷಿಸುವಂತೆ ಮರಣೋತ್ತರ ಪರೀಕ್ಷೆಯ ವೈದ್ಯರಿಗೆ ಕೋರಿಕೆ ಹೋಗಬೇಕು. ಬರೀ ಉಸಿರುಗಟ್ಟಿ ಸಾವು ಎಂದು ಬರೆದರೆ ಮುಂದೆ ಯಾವ ಅನಿಲವನ್ನು ತಡೆಯಬೇಕೆಂಬುದೇ ಗೊತ್ತಾಗುವುದಿಲ್ಲ. ಕೆಲಸದ ಆದೇಶ, ವಾಟ್ಸ್ಆ್ಯಪ್ ಸಂದೇಶ, ಗುತ್ತಿಗೆಯ ಬಿಲ್ಲು, ಹಿಂದಿನ ಬಾರಿ ಪಿಟ್ಟು ತೆಗೆದ ದಿನಾಂಕ, ಸಿಸಿಟಿವಿ ದೃಶ್ಯ ಎಲ್ಲವನ್ನೂ ಅದೇ ದಿನ ತೆಗೆದಿಡಬೇಕು.

ಬದುಕಿ ಉಳಿದವರನ್ನು ಒಬ್ಬೊಬ್ಬರನ್ನಾಗಿ ಮಾತಾಡಿಸಿ, ಅವರ ಭಾಷೆಯಲ್ಲೇ ಮಾತಾಡಿಸಿ. ಬಂಗಾಳಿ, ಒಡಿಯಾ, ತೆಲುಗು ಬಲ್ಲವರು ಊರಲ್ಲಿ ಸಿಗುತ್ತಾರೆ. ಗುತ್ತಿಗೆದಾರರ ಮೇಸ್ತ್ರಿಯನ್ನೇ ದುಭಾಷಿ ಮಾಡಿದರೆ ಸತ್ಯ ಅಲ್ಲಿಗೇ ನಿಂತಿತು.

ಇನ್ನು ಪ್ರಶ್ನೆಗಳು. ಅವರು ಏಕೆ ಇಳಿದರು? ಪಂಪಿನ ಫ್ಲೋಟು ಸಿಕ್ಕಿಕೊಂಡಿತ್ತು ಎನ್ನೋಣ. ಏಕೆ ಸಿಕ್ಕಿಕೊಂಡಿತು? ಬಾಯಲ್ಲಿ ಜಾಲರಿ ಇರಲಿಲ್ಲ. ಮೇಲಿನಿಂದಲೇ ಏಕೆ ಎತ್ತಲಿಲ್ಲ? ಸರಪಳಿ, ಗೈಡ್ ಪೈಪು ಇರಲಿಲ್ಲ. ಏಕೆ ಇರಲಿಲ್ಲ? ಬಿಲ್ಡರ್ ಹಾಕಿರಲಿಲ್ಲ, ಸಂಘ ಹಸ್ತಾಂತರ ಪಡೆಯುವಾಗ ನೋಡಲಿಲ್ಲ. ಸಕ್ಕಿಂಗ್ ಲಾರಿ ಏಕೆ ಬರಲಿಲ್ಲ? ಅತಿ ಕಡಿಮೆ ದರಕ್ಕೆ ಒಪ್ಪಿಕೊಂಡ ಏಜೆನ್ಸಿಯ ಬಳಿ ಲಾರಿಯೇ ಇರಲಿಲ್ಲ, ಟೆಂಡರಿನಲ್ಲಿ ಯಾರೂ ಕೇಳಿರಲಿಲ್ಲ. ಇಲ್ಲಿಗೆ ಬಂದಾಗ ಉತ್ತರ ಗುಂಡಿಯ ತಳದಲ್ಲಿಲ್ಲ, ಕಚೇರಿಯ ಮೇಜಿನ ಮೇಲಿದೆ. ತನಿಖೆ ಅಲ್ಲಿಯವರೆಗೆ ಏರಲೇಬೇಕು. "ಕಾರ್ಮಿಕರ ಅಜಾಗರೂಕತೆ" ಎಂದು ಮೊದಲ ಪುಟದಲ್ಲೇ ಬರೆದು ಮುಗಿಸುವ ವರದಿ ಮುಂದಿನ ಸಾವಿಗೆ ದಾರಿ ಮಾಡಿಟ್ಟಂತೆ. ಕುಡಿದಿದ್ದರು ಎನ್ನುತ್ತಾರೆ. ಆ ನಾತದಲ್ಲಿ ಸೊಂಟದವರೆಗೆ ಇಳಿಯಬೇಕಾದ ಮನುಷ್ಯರು ಏಕೆ ಕುಡಿಯುತ್ತಾರೆ ಎಂದು ಕೇಳದೆ ಹೇಳುವ ಮಾತದು. ಕುಡಿಯದವರು ಇಳಿದಿದ್ದರೂ ಅಲ್ಲಿನ ಅನಿಲ ಅಷ್ಟೇ ಇರುತ್ತಿತ್ತು.

ಶಿಫಾರಸುಗಳನ್ನೂ ತೂಗಿ ನೋಡಬೇಕು. ಎಚ್ಚರಿಕೆಯ ಫಲಕ, ಒಂದು ದಿನದ ತರಬೇತಿ, ಗ್ಲೌಸು ಗಂಬೂಟು ಹಂಚಿ ತೆಗೆಸಿಕೊಂಡ ಫೋಟೋ ಇವು ಅಗ್ಗ, ಹಾಗೆಯೇ ದುರ್ಬಲ. ಇಳಿಯುವ ಅಗತ್ಯವನ್ನೇ ತೆಗೆದುಹಾಕುವ ಬದಲಾವಣೆ ಎಷ್ಟಿದೆ, ಅದಕ್ಕೆ ಹಣ ಯಾರು ಕೊಡುತ್ತಾರೆ, ಯಾವ ತಾರೀಖಿನೊಳಗೆ ಎಂದು ವರದಿ ಹೇಳಬೇಕು. ಸಾವಾಗದೆ ತಪ್ಪಿದ ಘಟನೆಗಳಿಗೂ ಒಂದು ಪುಸ್ತಕವಿಡಿ. ಇಣುಕಿದಾಗ ತಲೆ ಸುತ್ತಿತು, ಕಣ್ಣು ಉರಿಯಿತು ಎಂದು ಯಾರಾದರೂ ಹೇಳಿದ್ದರೆ ಆ ಗುಂಡಿ ಮೊದಲೇ ಮಾತಾಡಿದೆ ಎಂದರ್ಥ.

ಕುಟುಂಬಕ್ಕೆ ಸಲ್ಲಬೇಕಾದದ್ದು

ಚರಂಡಿ, ಸೆಪ್ಟಿಕ್ ಟ್ಯಾಂಕಿನಲ್ಲಿ ಸತ್ತವರ ಕುಟುಂಬಕ್ಕೆ ಸುಪ್ರೀಂ ಕೋರ್ಟ್ 2014ರಲ್ಲಿ ಹತ್ತು ಲಕ್ಷ ರೂಪಾಯಿ ನಿಗದಿ ಮಾಡಿತ್ತು. 2023ರ ಅಕ್ಟೋಬರ್ 20ರ ತೀರ್ಪಿನಲ್ಲಿ ಅದು 30 ಲಕ್ಷವಾಯಿತು. ಬದುಕಿ ಉಳಿದು ಶಾಶ್ವತವಾಗಿ ಅಂಗವಿಕಲರಾದವರಿಗೆ 20 ಲಕ್ಷಕ್ಕೆ ಕಡಿಮೆಯಿಲ್ಲದ, ಬೇರೆ ಅಂಗವೈಕಲ್ಯಕ್ಕೆ 10 ಲಕ್ಷಕ್ಕೆ ಕಡಿಮೆಯಿಲ್ಲದ ಪರಿಹಾರ. ಇತರ ಕೆಲಸಗಳ ಸಾವಿನಲ್ಲಿ ಇಎಸ್‌ಐ ಇದ್ದವರ ಅವಲಂಬಿತರಿಗೆ ಮಾಸಿಕ ಪಿಂಚಣಿ ಬರುತ್ತದೆ, ಇಲ್ಲದವರಿಗೆ ನೌಕರರ ಪರಿಹಾರದ ಕಾನೂನು ಇದೆ. ಆ ಹಣವನ್ನು ಮಾಲೀಕರು ಅಧಿಕಾರಿಯ ಮುಂದೆ ಠೇವಣಿ ಇಡಬೇಕು. ಶವಾಗಾರದ ಹೊರಗೆ ಒಂದು ಕಟ್ಟು ನೋಟು ಕೊಟ್ಟು ಬಿಳಿ ಹಾಳೆಗೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಹೊಣೆ ತೀರಿತು ಎಂದಲ್ಲ. ಗುತ್ತಿಗೆದಾರರು ಕೈಯೆತ್ತಿದರೆ ಕೆಲಸ ಒಪ್ಪಿಸಿದ ಮೂಲ ಮಾಲೀಕರನ್ನು ಕೇಳಬಹುದು.

ಕುಟುಂಬ ದೂರದ ರಾಜ್ಯದಲ್ಲಿದ್ದರೆ ದೇಹದ ಜೊತೆಗೆ ಕಾಗದಗಳೂ ಹೋಗಬೇಕು: ಎಫ್‌ಐಆರ್ ಪ್ರತಿ, ಮರಣೋತ್ತರ ಪರೀಕ್ಷೆಯ ವರದಿ, ಮರಣ ಪ್ರಮಾಣಪತ್ರ, ಅಲ್ಲಿ ಕೆಲಸ ಮಾಡುತ್ತಿದ್ದರೆಂದು ತೋರಿಸುವ ಹಾಜರಿ ಪುಸ್ತಕದ ಪುಟ ಅಥವಾ ಕೂಲಿ ಬಂದ ಫೋನ್ ಪಾವತಿಯ ಚಿತ್ರ. ಇವನ್ನು ಜೋಡಿಸಿ ಕಳಿಸುವ ಕೆಲಸವನ್ನು ನಿಮ್ಮ ಸಂಘದ ಅಥವಾ ಕಾರ್ಖಾನೆಯ ಒಬ್ಬರು ವಹಿಸಿಕೊಳ್ಳಲಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕಾರ್ಮಿಕರಿಗೆ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಒದಗಿಸುತ್ತದೆ. ಅದರ ಸಹಾಯವಾಣಿ 15100. ಆ ಸಂಖ್ಯೆಯನ್ನು ಕಾಗದಗಳ ಲಕೋಟೆಯ ಮೇಲೆ, ಅವರು ಓದಬಲ್ಲ ಲಿಪಿಯಲ್ಲಿ ಬರೆದು ಕೊಡಿ.